ಮಾಳಮಡ್ಡಿಯ ಅಣುಶಕ್ತಿ

ನಮ್ಮ ಮಾಮಾ ವರ್ಷಗಟ್ಟಲೆ ಭಾರತ ಸರಕಾರಕ್ಕೆ ಸಲಹೆ ಕೊಟ್ಟವರು. ಸರಕಾರ ಕೇಳಿರಲಿಲ್ಲ, ಆ ಮಾತು ಬೇರೆ! ಕೇಳಿದವರಿಗೆ ಸಲಹೆ ಕೊಡುವುದು ಯಾರಿಗೆ ಬರುವುದಿಲ್ಲ ಹೇಳಿ? ಕೇಳದವರಿಗೆ, ಕೇಳಿದರೂ ತಿಳಿಯದವರಿಗೆ, ತಿಳಿದರೂ ಬೇಡವಾದವರಿಗೆ ಬಿಡದೆ ಕೊಡುತ್ತ ಹೋಗುವುದಕ್ಕೆ ಬೇರೆಯೇ ಎದೆ ಬೇಕು.

ಅವರು ನನ್ನ ತಾಯಿಯ ತಮ್ಮ. ಮುಂಬಯಿ ಕಡೆ ಅಣುವಿದ್ಯುತ್ತಿನ ದೊಡ್ಡ ನೌಕರಿಯಲ್ಲಿದ್ದರು. ತೊಂಬತ್ತರ ದಶಕದ ಮೊದಮೊದಲಿಗೆ ಮೇಲಿನವರೊಡನೆ ಮಾತಿಗೆ ಮಾತು ಬೆಳೆದು, ರಾಜೀನಾಮೆ ಬಿಸಾಕಿ, ಮಾಮಿಯನ್ನು ಕರೆದುಕೊಂಡು ಧಾರವಾಡಕ್ಕೆ ಬಂದುಬಿಟ್ಟರು. ಯಾಕೆ ಅಂತ ಕೇಳಿದರೆ, “ಅವರಿಗೆ ಹೌದಪ್ಪಗಳು ಬೇಕಾಗಿದ್ರು” ಎನ್ನುತ್ತಿದ್ದರು. ಮಾಮಿಗೆ ಸಾಲಿಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಮಾಮಾ ಮಾಳಮಡ್ಡಿಯ ಬಾಡಿಗೆ ಮನೆಯ ಗೇಟಿಗೆ ಒಂದು ಬೋರ್ಡು ಬರೆಸಿ ಹಾಕಿದರು: ‘ಸ್ವತಂತ್ರ ಅಣುಶಕ್ತಿ ನೀತಿ ಸಲಹೆಗಾರರು.’

ಮೊದಲ ದಿನವೇ ಪಕ್ಕದ ಮನೆಯ ಕಾಕು ಬಂದರು. ಫ್ಯೂಜ್ ಹೋಗಿತ್ತು.

ಆಮೇಲೆ ಒಂದು ಮುಸ್ಸಂಜೆ ಟೊಪ್ಪಿಗೆ ಹಾಕಿದ ಧಡೂತಿ ಮನುಷ್ಯನೊಬ್ಬ ಗೇಟಿನ ಹೊರಗೇ ನಿಂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ: “ಗುಳಿಗಿ ಕೊಡ್ತೀರೋ, ಲೇಹ್ಯಾನೋರಿ?”

“ಯಾವುದರದ್ದು?”

“ಅದs ರೀ, ಬೋರ್ಡಿನ ಮ್ಯಾಲ ಹಾಕೀರಲ್ರಿ, ಶಕ್ತೀದು!”

ಇನ್ನೊಬ್ಬರಾಗಿದ್ದರೆ ಬೈದು ಕಳಿಸುತ್ತಿದ್ದರು. ಮಾಮಾ ಆತನನ್ನು ಒಳಗೆ ಕರೆದು ಕೂಡಿಸಿ ಪರಮಾಣು ಒಡೆಯುವುದರಿಂದ ಹಿಡಿದು ಅದರ ತ್ಯಾಜ್ಯ ಹೂಳುವವರೆಗೂ ತಿಳಿಸಿ ಹೇಳಿದರು. ಆತ ಚಹಾ ಕುಡಿದು, ಬೆವರು ಒರೆಸಿಕೊಂಡು, “ಇಷ್ಟ್ ತ್ರಾಸ್ ಐತಂದ್ರ ಬ್ಯಾಡ ಬಿಡ್ರಿ ಸಾಹೇಬ್ರ” ಎಂದು ಎದ್ದು ಹೋದ. ಮಾಮಾ ಆ ಇಡೀ ವಾರ ಉಲ್ಲಾಸದಲ್ಲಿದ್ದರು. ಕಡೆಯ ತನಕ ಕೂತು ಕೇಳಿದ ಮೊದಲ ಮನುಷ್ಯ ನೋಡಿ!

ಆಗ ಘಟ್ಟದ ಕಾಡಿನೊಳಗೆ ಅಣುಸ್ಥಾವರ ಕಟ್ಟುವ ವಿಷಯಕ್ಕೆ ಎಲ್ಲೆಲ್ಲೂ ಸಭೆ, ಭಾಷಣ. ಮಾಮಾ ಎಲ್ಲ ಕಡೆಗೂ ಹೋಗುತ್ತಿದ್ದರು. ಬೇಕೆನ್ನುವವರ ನಡುವೆ ಕೂತು ಅದರ ಅಪಾಯ ಹೇಳುವುದು, ಬೇಡವೆನ್ನುವವರ ನಡುವೆ ಕೂತು ಅದರ ಉಪಯೋಗ ಹೇಳುವುದು! ಒಮ್ಮೆ ಕಾಲೇಜಿನ ಸಭೆಯೊಂದರಲ್ಲಿ ಸಂಘಟಕರೊಬ್ಬರು ತಾಳ್ಮೆಗೆಟ್ಟು ಕೇಳಿದರು: “ಸರ್, ನೀವು ನಮ್ಮ ಕಡೀನೋ, ಅವರ ಕಡೀನೋ?”

“ನಾ ಸ್ವತಂತ್ರ.”

“ಹಂಗಂದ್ರ?”

“ಯಾರ ಕಡೀನೂ ಅಲ್ಲ.”

“ಹಂಗಾರ ನಿಮಗ ಚಾ ಯಾರು ಕೊಡಬೇಕ್ರಿ?”

ಖರೇ ಪ್ರಶ್ನೆ. ಯಾರೂ ಕೊಡಲಿಲ್ಲ.

ಮರುಭೂಮಿಯಲ್ಲಿ ಅಣುಬಾಂಬು ಸಿಡಿಸಿದ ಬೇಸಗೆಯಲ್ಲಿ ಮಾತ್ರ ಓಣಿಯವರೆಲ್ಲ ಫೇಡೆ, ಹೂವಿನ ಹಾರ ತಗೊಂಡು ನೆಟ್ಟಗೆ ಮಾಮಾನ ಮನೆಗೆ ಬಂದರು. ಅಣುವಿನ ಹೆಸರಲ್ಲಿ ಹಾರ ಹಾಕಿಸಿಕೊಳ್ಳಲು ಮಾಳಮಡ್ಡಿಯಲ್ಲಿ ಬೇರೆ ಯಾರಿದ್ದರು? ಮಾಮಾ ಕುತ್ತಿಗೆ ಹಿಂದೆ ಸರಿಸಿ, “ನಾ ಕಲ್ತದ್ದು ದೀಪ ಹಚ್ಚೋದ್ರೀ, ಊರು ಸುಡೂದಲ್ಲ” ಎಂದರು. ಬಂದವರ ಮುಖ ಸಣ್ಣದಾಯಿತು. ಮಾಮಿ ಲಗುಬಗೆಯಿಂದ ಹೊರಗೆ ಬಂದು ಹಾರ ಇಸಿದುಕೊಂಡು ರಾಯರ ಫೋಟೋಕ್ಕೆ ಹಾಕಿ, “ಹೂವು ಬಾಡಬಾರದು ನೋಡ್ರಿ” ಎಂದರು. ಆಮೇಲೆ ಬಹಳ ದಿನ ಓಣಿಯಲ್ಲಿ ಮಾಮಾನನ್ನು ಯಾರೂ ಮಾತಾಡಿಸಲಿಲ್ಲ. ಫ್ಯೂಜ್ ಹೋದರೂ ಕಾಕು ಕತ್ತಲಲ್ಲೇ ಕೂತರು!

ನಗುನಗುತ್ತ ಹೇಳುತ್ತಿದ್ದೇನೆ. ಆ ಮನೆಯೊಳಗೆ ನಗುವಂಥದ್ದು ಏನಿತ್ತು? ಪಡಸಾಲೆಯಲ್ಲಿ ಸಲಹೆ ಕೇಳಲು ಬರುವವರಿಗೆಂದು ಬೆತ್ತದ ಕುರ್ಚಿ ಇಟ್ಟಿದ್ದರು. ಬರಬರುತ್ತ ಅದರ ಮೇಲೆ ಮಳೆಗಾಲದಲ್ಲಿ ಮಾಮಿಯ ಸೀರೆ ಒಣಗತೊಡಗಿತು. ಮಾಮಾ ಮಧ್ಯಾಹ್ನವೆಲ್ಲ ಟೈಪ್ ಮಾಡಿ ದಿಲ್ಲಿಗೆ ವರದಿ ಕಳಿಸುತ್ತಿದ್ದರು. ದಿಲ್ಲಿಯಿಂದ ಒಂದು ಸಾಲೂ ಬರಲಿಲ್ಲ. ಅಂಚೆಯವನು ಗೇಟಿನ ಮುಂದೆ ಬಂದಾಗ ಸೈಕಲ್ಲನ್ನು ಜೋರಾಗಿ ತುಳಿದುಕೊಂಡು ಹೋಗುತ್ತಿದ್ದ. ಇಲ್ಲ ಅಂತ ದಿನಾ ಹೇಳುವುದು ಅವನಿಗೂ ಕಷ್ಟವೇ ಅಲ್ಲವೇ?

ಆಮೇಲೆ ಅಮೆರಿಕದ ಕೂಡ ಅಣು ಒಪ್ಪಂದದ ಗದ್ದಲ ಎದ್ದಿತು. ಯಾವುದೋ ಟಿವಿಯವರಿಗೆ ಮಾಮಾನ ಹೆಸರು ಹೇಗೆ ಸಿಕ್ಕಿತೋ, ಹುಬ್ಬಳ್ಳಿಯ ಗೋಕುಲ ರಸ್ತೆಯ ತಮ್ಮ ಆಫೀಸಿಗೆ ಕರೆದರು. ಸುಡುಬಿಸಿಲಲ್ಲಿ ಮಾಮಾ ಮದುವೆಯ ಕೋಟು ಹಾಕಿಕೊಂಡು ಹೋದರು. ನಾವೆಲ್ಲ ಟಿವಿ ಮುಂದೆ. ನಿರೂಪಕಿ ಕೇಳಿದಳು: “ಸರ್, ಒಪ್ಪಂದ ಬೇಕೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ.” ಮಾಮಾ ಗಂಟಲು ಸರಿಮಾಡಿಕೊಂಡು, “ಮೊದಲು ಯುರೇನಿಯಂ ಅಂದರೇನು ಅನ್ನುವುದನ್ನು...” ಎಂದರು. ಜಾಹೀರಾತು ಬಂತು. ಜಾಹೀರಾತು ಮುಗಿದಾಗ ಮಾಮಾನ ಕುರ್ಚಿಯಲ್ಲಿ ಒಬ್ಬ ಜ್ಯೋತಿಷಿ ಕೂತಿದ್ದ!

ಮಾಮಾ ಮನೆಗೆ ಬಂದು ಯಾರ ಮುಖವನ್ನೂ ನೋಡಲಿಲ್ಲ. “ಕೋಟು ಛಲೋ ಕಾಣಸ್ತಿತ್ತ್ ರೀ” ಎಂದರು ಮಾಮಿ. ಮಾಮಾ ಕೋಟು ಬಿಚ್ಚಿ ಗಳಕ್ಕೆ ಹಾಕಿ ಒಳಗೆ ಹೋಗಿ ಮಲಗಿದರು. ಅಂದಿನಿಂದ ಟೈಪಿನ ಸದ್ದು ನಿಂತಿತು. ಊಟಕ್ಕೆ ಕರೆದರೆ ಬರುತ್ತಿದ್ದರು, ಕೇಳಿದ್ದಕ್ಕೆ ಹೂಂ, ಊಹೂಂ. ಅಷ್ಟೇ. ಅಕ್ಕರೆಯಿಂದ ಮಾಮಿ ಅಣುವಿನ ಬಗ್ಗೆ ತಾವೇ ಏನಾದರೂ ಕೇಳಿದರೆ, “ನಿನಗ್ಯಾಕ ಅದೆಲ್ಲ” ಎನ್ನುತ್ತಿದ್ದರು.

ಹೀಗಿರುವಾಗಲೇ ಮಾಮಿಯ ಎದೆಯಲ್ಲಿ ಗಂಟು ಕಾಣಿಸಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ‘ಕರೆಂಟ್ ಕೊಡಬೇಕು’ ಎಂದರು. ನಮ್ಮ ಕಡೆ ಮಂದಿ ವಿಕಿರಣ ಚಿಕಿತ್ಸೆಗೆ ಹಾಗೆನ್ನುತ್ತಾರೆ. ವಿಕಿರಣ! ಮಾಮಾ ಜೀವಮಾನವೆಲ್ಲ ಮಾತಾಡಿದ ವಿಷಯ. ಈಗ ಡಾಕ್ಟರರಿಗೇ ಪಾಠ ಶುರುಮಾಡುತ್ತಾರೆಂದು ನಾನು ಅಂಜಿದ್ದೆ. ಅವರು ತುಟಿ ಪಿಟ್ಟೆನ್ನಲಿಲ್ಲ. ಮಾಮಿಯ ಚೀಲ ಹೆಗಲಿಗೆ ಹಾಕಿಕೊಂಡು ದಿನಾ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬಂದರು.

ಮಾಮಿ ಮುಂದಿನ ದೀಪಾವಳಿ ಕಾಣಲಿಲ್ಲ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ಮಾಮಾ ಪಡಸಾಲೆ ಹಿಡಿದು ಕೂಡುತ್ತಾರೆಂದುಕೊಂಡರೆ, ದಿನಾ ಮುಂಜಾನೆ ಹುಬ್ಬಳ್ಳಿ ಬಸ್ಸು ಹತ್ತತೊಡಗಿದರು. ನಮ್ಮ ಅವ್ವನಿಗೆ ಗಾಬರಿ. “ಅಂವಗ ತಲಿಗೇನರ ಆಗೇದೇನು, ಒಂದಿನ ಕೂಡ ಹೋಗಿ ನೋಡಿ ಬಾ” ಎಂದಳು. ನಾನೂ ಬಸ್ಸು ಹತ್ತಿದೆ. “ಎಲ್ಲಿಗೆ ಮಾಮಾ?” ಅಂದರೆ, “ಬಾ” ಎಂದರು.

ಕರೆದುಕೊಂಡು ಹೋದದ್ದು ಅದೇ ಆಸ್ಪತ್ರೆಗೆ. ಕರೆಂಟ್ ಕೊಡುವ ಕೋಣೆಯ ಹೊರಗಿನ ಬಾಂಕಿನ ಮೇಲೆ ಹೋಗಿ ಕೂತರು. ಯಾರನ್ನೂ ತಾವಾಗಿ ಮಾತಾಡಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕುಂದಗೋಳ ಕಡೆಯ ಒಕ್ಕಲಿಗನೊಬ್ಬ ಟವೆಲ್ ಹಿಂಡುತ್ತ ಹತ್ತಿರ ಬಂದ.

“ಸಾಹೇಬ್ರ, ನೀವು ತಿಳದವ್ರು ಅಂತ ನರ್ಸಬಾಯಿ ಹೇಳಿದ್ರು. ನಮ್ಮಾಕಿಗೆ ಕರೆಂಟ್ ಕೊಡಾಕತ್ತಾರ್ರಿ. ಅದು ಮೈಯಾಗ ಉಳೀತೈತಿ, ಮುಟ್ಟಿದವ್ರಿಗೂ ಹತ್ತತೈತಿ ಅಂತಾರ್ರಿ ಮಂದಿ. ಆಕಿ ಮಕ್ಕಳ್ನ ಹತ್ರ ಬಿಟ್ಕೊಳ್ಳವಲ್ಲಳು. ಉಣ್ಣೂ ತಾಟು ಸೈತ ಬ್ಯಾರೆ ಮಾಡ್ಯಾಳ. ಖರೇ ಏನ್ರಿ ಅದು?”

ಶುರುವಾಯಿತು, ಇನ್ನು ಯುರೇನಿಯಂ ಅಂದುಕೊಂಡೆ.

“ಸುಳ್ಳು” ಎಂದರು ಮಾಮಾ. “ಯಂತ್ರ ಬಂದ್ ಆದ್ ಕೂಡ್ಲೆ ಮುಗೀತು. ಮೈಯಾಗ ಏನೂ ಉಳಿಯೂದಿಲ್ಲ. ಕೂಸುಗಳನ್ನ ಆಕಿ ತೊಡಿ ಮ್ಯಾಲೆ ಕೂಡಸ್ರಿ.”

ಆತನ ಹೆದರಿಕೆ ಪೂರ್ತಿ ಹೋಗಲಿಲ್ಲ. “ನೀವು ಡಾಕ್ಟರ್ ಏನ್ರಿ?”

“ಅಲ್ಲ.” ಮಾಮಾ ಕರೆಂಟ್ ಕೋಣೆಯ ಬಾಗಿಲ ಕಡೆ ಕೈ ಮಾಡಿದರು. “ನಮ್ಮಾಕಿನೂ ಇಲ್ಲೇ ಬರ್ತಿದ್ಲು. ನನಗ ಹತ್ತೀತು ಅಂತ ಆಕಿನೂ ಹಿಂಗs ತಾಟು ಬ್ಯಾರೆ ಮಾಡಿದ್ಲು. ಅವತ್ತಿಂದ ನಾ ಆಕಿ ತಾಟಿನ್ಯಾಗs ಉಂಡೆ. ಕಡೀತನಕ.”

ಒಕ್ಕಲಿಗ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಬಾಂಕಿನ ಆ ತುದಿಗೆ ನಡೆದ. ಅಲ್ಲಿ ಅವನ ಹೆಂಡತಿ ಸೆರಗು ಮುದುಡಿಕೊಂಡು, ಯಾರಿಗೂ ತಾಗದಂತೆ ಒಬ್ಬಳೇ ಕೂತಿದ್ದಳು. ಆಕೆ ಸರಿಯಲು ನೋಡಿದಳು. ಸರಿಯಲು ಜಾಗವಿರದಷ್ಟು ಹತ್ತಿರ ಹೋಗಿ ಅವನು ಕೂತ.