ತುಳಸಿಯ ಕುಂಡಕ್ಕೆ ಒಂದು ಮೂಟೆ ಮಣ್ಣು

ಅಕ್ಕಿ ತರಲು ಹೋದರೆ ಅಕ್ಕಿ ಬರುತ್ತದೆ, ಬೇಳೆ ತರಲು ಹೋದರೆ ಬೇಳೆ ಬರುತ್ತದೆ. ಈ ಕೋಲ್ಕತ್ತಾದಲ್ಲಿ ಮಣ್ಣು ತರಲು ಹೋದರೆ ಮಾತ್ರ ಮಣ್ಣಿನ ಜೊತೆಗೆ ಒಂದು ಫಜೀತಿಯೂ ಮನೆಗೆ ಬರುತ್ತದೆ. ಒಮ್ಮೆಯಾದರೆ ಗ್ರಹಚಾರ ಎನ್ನಬಹುದು. ನನಗೆ ಪ್ರತಿ ಸಲವೂ ಹೀಗೇ.

ಗರಿಯಾಹಾಟ್ ಹತ್ತಿರ ನನ್ನದೊಂದು ಪುಟ್ಟ ಇಡ್ಲಿ-ದೋಸೆಯ ಹೋಟೆಲು. ಮನೆ ಬೆಹಾಲಾದಲ್ಲಿ, ಮೂರನೇ ಮಹಡಿಯ ಫ್ಲ್ಯಾಟು. ಅಲ್ಲಿಯ ಬಾಲ್ಕನಿಯಲ್ಲಿ ಅಮ್ಮನ ತುಳಸಿ ಸಾಲಾಗಿ ಮೂರನೇ ಸಲ ಒಣಗಿದಾಗ ಅಮ್ಮ ಶಪಥ ಮಾಡಿದಳು: "ತುಳಸಿ ಪೂಜೆಗೆ ಇನ್ನು ಒಂದು ತಿಂಗಳು ಉಂಟು. ಹೊಸ ಗಿಡ ಚಿಗುರುವ ತನಕ ನಾನು ಕಾಫಿ ಮುಟ್ಟೂದಿಲ್ಲ."

ದಿನಕ್ಕೆ ನಾಲ್ಕು ಲೋಟ ಕುಡಿಯುವವಳು ಕಾಫಿ ಬಿಟ್ಟರೆ ಕಷ್ಟ ಅವಳಿಗಲ್ಲ, ನಮಗೆ. ಮೊದಲ ದಿನವೇ ಸಾರಿಗೆ ಎರಡು ಸಲ ಉಪ್ಪು ಬಿತ್ತು, ನನ್ನ ಹೆಂಡತಿಗೆ ನಾಲ್ಕು ಸಲ ಬೈಗುಳ ಬಿತ್ತು. ನಾನು ಚೀಲ ಹಿಡಿದು ಹೊರಟೆ.

ಗ್ಯಾರಂಟಿ ಮಣ್ಣು

ಹೋಟೆಲಿಗೆ ಬರುವ ಗಿರಾಕಿಯೊಬ್ಬರು, "ಗಂಗೆಯ ಮಣ್ಣಿಗಿಂತ ಒಳ್ಳೆಯ ಮಣ್ಣುಂಟೇ?" ಎಂದರು. ತುಳಸಿಗೆ ಗಂಗೆಯ ಮಣ್ಣು! ಅಮ್ಮನಿಗೆ ಹೇಳಲಿಕ್ಕೂ ಚೆಂದ. ಟಾಲಿಗಂಜ್‌ನಲ್ಲಿ ದೇವಿಯ ಮೂರ್ತಿ ಮಾಡುವ ಒಬ್ಬನ ಬಳಿ ಹೋಗಿ, "ಗ್ಯಾರಂಟಿ ಮಣ್ಣು, ಬಿರುಕೇ ಬಿಡೋದಿಲ್ಲ" ಎಂದು ಅವನು ಕೊಟ್ಟ ಒಂದು ಮೂಟೆ ತಂದೆ. ಅರ್ಧ ಮೂಟೆಯನ್ನು ಕುಂಡಕ್ಕೆ ಹಾಕಿ ಸಸಿ ನೆಟ್ಟೆ. ಮಿಕ್ಕದ್ದನ್ನು ಕೆಳಗೆ ಮೆಟ್ಟಿಲ ಅಡಿಯಲ್ಲಿಟ್ಟೆ.

ನಾಲ್ಕನೇ ದಿನಕ್ಕೆ ಕುಂಡದ ಮಣ್ಣು ಕಲ್ಲಾಯಿತು. ನೀರು ಹಾಕಿದರೆ ಮೇಲೇ ನಿಲ್ಲುತ್ತದೆ. ಸಸಿ ಕಾಂಕ್ರೀಟಿನಲ್ಲಿ ಹೂತ ಕಂಬದ ಹಾಗೆ ನಿಂತೇ ಸತ್ತಿತು. ಜಗಳಕ್ಕೆ ಹೋದೆ.

ಮೂರ್ತಿಯವನು ಶಾಂತವಾಗಿ ಕೇಳಿದ: "ಬಿರುಕು ಬಿಟ್ಟಿದೆಯಾ?"

"ಇಲ್ಲ."

"ಎಲ್ಲಾದರೂ ಒಡೆದಿದೆಯಾ?"

"ಇಲ್ಲ."

"ಮತ್ತೆ ನಿಮ್ಮ ದೂರು ಏನು, ದಾದಾ?"

ಕೈಬಿಟ್ಟು ಹೋದ ಅರ್ಧ ಮೂಟೆ

ಕೊನೆಗೆ ಅವನು ಮರುಕಪಟ್ಟು, ಉಳಿದ ಅರ್ಧ ಮೂಟೆ ವಾಪಸ್ ತಂದರೆ ತೆಗೆದುಕೊಳ್ಳುತ್ತೇನೆ ಎಂದ. ಬಂದು ಮೆಟ್ಟಿಲ ಅಡಿ ನೋಡಿದರೆ ಚೀಲ ಖಾಲಿ.

ಕೆಳಗಿನ ಮನೆಯ ಬಂಗಾಳಿ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಇಡೀ ಕಟ್ಟಡಕ್ಕೆ ಅವರು 'ದಿದಾ'. "ಗಂಗೆಯ ಮಣ್ಣಲ್ಲವಾ, ನಾನೇ ತಗೊಂಡೆ" ಎಂದರು ಸ್ವಲ್ಪವೂ ಅಳುಕದೆ.

"ಅದು ವಾಪಸ್ ಬೇಕಿತ್ತಲ್ಲ, ದಿದಾ."

ಅವರು ನನ್ನ ಕೈ ಹಿಡಿದು ದೇವರ ಕೋಣೆಗೆ ಕರೆದುಕೊಂಡು ಹೋದರು. ಹನ್ನೊಂದು ಮಣ್ಣಿನ ಶಿವಲಿಂಗ, ಸಾಲಾಗಿ, ತಲೆಯ ಮೇಲೆ ಒಂದೊಂದು ಬಿಲ್ವಪತ್ರೆ.

"ನನ್ನದೇನೂ ಅಡ್ಡಿಯಿಲ್ಲ. ಅವನನ್ನೇ ಕೇಳಿಕೊಂಡು ತಗೊಂಡು ಹೋಗು."

ಮಡಿ ಮಣ್ಣು

ಆಮೇಲೆ ಸರಿಯಾದ ನರ್ಸರಿಗೇ ಹೋದೆ. ಅಂಗಡಿಯವನು ಹೆಮ್ಮೆಯಿಂದ ಒಂದು ಚೀಲ ಬಿಚ್ಚಿ ತೋರಿಸಿದ. "ಎಲ್ಲ ಬೆರೆಸಿಟ್ಟಿದ್ದೇನೆ. ಸೆಗಣಿ ಗೊಬ್ಬರ, ಬೇವಿನ ಹಿಂಡಿ, ಎಲುಬಿನ ಪುಡಿ, ಕೊಂಬಿನ ಚೂರು..."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಮ್ಮನ ತುಳಸಿಗೆ ಎಲುಬು! ಗಿಡ ಚಿಗುರಿದರೂ ನಾನು ಉಳಿಯುವುದಿಲ್ಲ.

"ಎಲುಬಿಲ್ಲದ ಮಣ್ಣು ಇದೆಯಾ? ಪೂಜೆಯ ಗಿಡಕ್ಕೆ. ಪೂರ್ತಿ ನಿರಾಮಿಷ ಆಗಬೇಕು" ಎಂದೆ. ಸಸ್ಯಾಹಾರಕ್ಕೆ ಇಲ್ಲಿಯವರು ಹಾಗನ್ನುತ್ತಾರೆ.

ಅಂಗಡಿಯವನು ನಗಲಿಲ್ಲ. ನಾನು ಊಟಕ್ಕೆ ಕೂತಿದ್ದೇನೋ ಎಂಬಷ್ಟು ಗಂಭೀರವಾಗಿ ಕೇಳಿದ: "ಈರುಳ್ಳಿ ಸಿಪ್ಪೆಯ ಗೊಬ್ಬರ ನಡೆಯುತ್ತದಾ, ಅದೂ ಬೇಡವಾ?"

ಪವಾಡ

ಈರುಳ್ಳಿಯೂ ಇಲ್ಲದ ಆ ಮಣ್ಣಿನಲ್ಲಿ ತುಳಸಿ ಎಂಟನೇ ದಿನಕ್ಕೆ ಚಿಗುರಿತು. ಅಮ್ಮ ಕಾಫಿ ಕುಡಿದಳು. ಆ ದಿನ ಮನೆಯಲ್ಲಿ ಹಬ್ಬ. ನನ್ನ ಹೆಂಡತಿ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ.

ಗಿಡ ದಿನದಿನಕ್ಕೆ ಪೊದೆಯಾಗತೊಡಗಿತು. ಅಮ್ಮ ಜಪ ಮುಗಿಸಿ ಬರುವಾಗ ಸುಡುಬಿಸಿಲಿನಲ್ಲೂ ಕುಂಡ ಒದ್ದೆಯಾಗಿರುತ್ತಿತ್ತು. "ಶುದ್ಧ ಮಣ್ಣಿನ ತಂಪು, ನೋಡು" ಎನ್ನುವಳು. ಬೀದಿಯ ಬೆಕ್ಕೊಂದು ದಿನಾ ಬಂದು ಕುಂಡಕ್ಕೆ ಸುತ್ತು ಹಾಕಿ, ಕಣ್ಣು ಮುಚ್ಚಿ ಕೂರುತ್ತಿತ್ತು. "ಹಿಂದಿನ ಜನ್ಮದ ಪುಣ್ಯಜೀವಿ" ಎಂದು ಅಮ್ಮ ಅದಕ್ಕೂ ಕೈ ಮುಗಿದಳು.

"ಎಂತದೋ ಒಂದು ವಾಸನೆ ಬರ್ತಾ ಉಂಟಲ್ಲ?" ಎಂದು ನಾನೊಮ್ಮೆ ಕೇಳಿದೆ.

"ಪಕ್ಕದ ಮನೆಯ ಅಡುಗೆ, ಮಾರಾಯ. ನೀನು ಮೂಗು ಮುಚ್ಚಿಕೋ" ಎಂದಳು.

ತುಳಸಿ ಪೂಜೆಯ ದಿನ ಊರಿನ ಕಡೆಯ ನಾಲ್ಕೈದು ಮನೆಯವರು ಬಂದಿದ್ದರು. ಅಮ್ಮ ಎಲ್ಲರಿಗೂ ಮಣ್ಣಿನ ಮಡಿಯ ಮಹಿಮೆ ಹೇಳಿ ಮುಗಿಸುವಷ್ಟರಲ್ಲಿ, ಪಕ್ಕದ ಮನೆಯ ಬಂಗಾಳಿ ಹೆಂಗಸು, ನಾವು 'ಮಾಶಿಮಾ' (ಚಿಕ್ಕಮ್ಮ) ಎನ್ನುವವರು, ಪ್ರಸಾದಕ್ಕೆ ಬಂದರು. ಅವರ ಬಾಲ್ಕನಿಗೂ ನಮ್ಮದಕ್ಕೂ ನಡುವೆ ಒಂದು ಕಂಬಿ ಅಷ್ಟೇ. ಗಿಡ ನೋಡಿ ಅವರ ಮುಖ ಅರಳಿತು.

"ಎಷ್ಟು ಚೆನ್ನಾಗಿ ಬಂದಿದೆ! ಪಾಪ, ಸೊರಗಿತ್ತಲ್ಲ ಅಂತ ನಾನೇ ದಿನಾ ಬೆಳಿಗ್ಗೆ ಮೀನು ತೊಳೆದ ನೀರು ಒಂದು ಮಗ್ಗು ಹಾಕ್ತಿದ್ದೆ" ಎಂದರು ಬಂಗಾಳಿಯಲ್ಲಿ.

ಅಮ್ಮನಿಗೆಂದು ಕಾಫಿ ತಂದ ಹೆಂಡತಿ ಲೋಟ ಹಿಡಿದು ಅಲ್ಲೇ ನಿಂತಳು. ನನ್ನ ಕಣ್ಣ ಮುಂದೆ ಆ ಎರಡು ಸಲ ಉಪ್ಪು ಬಿದ್ದ ಸಾರು ಬಂತು.

"ಎಂತ ಹೇಳ್ತಾಳೆ ಅವಳು?" ಎಂದಳು ಅಮ್ಮ.

ನನಗೆ ಬಾಯಿಗೆ ಬಂದದ್ದು ಒಂದೇ. "ದಿನಾ ಗಂಗಾಜಲ ಹಾಕ್ತಿದ್ದರಂತೆ, ಅಮ್ಮ."

ಇಪ್ಪತ್ತೈದು ವರ್ಷದಿಂದ ಈ ಊರಿನ ತರಕಾರಿಯವರ ಜೊತೆ ಬಂಗಾಳಿಯಲ್ಲೇ ಚೌಕಾಸಿ ಮಾಡುತ್ತ ಬಂದವಳು ನನ್ನಮ್ಮ. ಗಿಡ ನೋಡಿದಳು, ಬೆಕ್ಕನ್ನು ನೋಡಿದಳು, ಆಮೇಲೆ ಬಹಳ ಹೊತ್ತು ಲೋಟವನ್ನೇ ನೋಡಿದಳು.

"ಹೌದು ಮತ್ತೆ, ಗಂಗೆಯಲ್ಲಿ ಮೀನು ಇರೂದಿಲ್ವಾ?" ಎಂದು ಲೋಟ ಕೈಗೆತ್ತಿಕೊಂಡಳು. ಒಂದು ಗುಟುಕು ಕುಡಿದು, ನನ್ನ ಕಿವಿಯಲ್ಲಿ ಹೇಳಿದಳು: "ನಾನು ಜಪಕ್ಕೆ ಕೂತ ಮೇಲೆಯೇ ಹಾಕ್ಲಿಕ್ಕೆ ಹೇಳು."