ಮರಳುದಿಬ್ಬಕ್ಕೆ ಅಳತೆಯಾದ ಗಂಡ

ಮನೆಯಲ್ಲಿ ಒಬ್ಬರಿಗೆ ಹವ್ಯಾಸ ಹತ್ತಿಕೊಂಡರೆ ಇನ್ನೊಬ್ಬರಿಗೆ ಹಮಾಲಿ ಕೆಲಸ ಸಿಕ್ಕಿತೆಂದೇ ತಿಳಿಯಬೇಕು. ಇದು ನನ್ನ ಸ್ವಂತ ಅನುಭವ. ನನ್ನ ಹೆಂಡತಿ ಸುನಂದಾ ವಿಜಯಪುರದವಳು, ನಾನು ಧಾರವಾಡದವನು. ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ಇಪ್ಪತ್ತು ವರ್ಷಗಳಿಂದ ಸಂಸಾರ. ಅವಳು ಮನೆ ಹತ್ತಿರದ ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ನಾನು ಅಕ್ಸ್‌ಬ್ರಿಡ್ಜ್‌ನ ಆಫೀಸೊಂದರಲ್ಲಿ ವಿಮೆಯ ಕಾಗದಗಳನ್ನು ಈ ಕಡೆಯಿಂದ ಆ ಕಡೆಗೆ ಸರಿಸುವವನು. ಮಗಳು ಯೂನಿವರ್ಸಿಟಿ ಸೇರಿದ ವರ್ಷ ಸುನಂದಾ ಕ್ಯಾಮೆರಾ ಕೊಂಡಳು. ಹಿತ್ತಲಿನ ಗುಲಾಬಿ, ಬೇಲಿಯ ಮೇಲಿನ ಅಳಿಲು, ಕುದಿಯುವ ಸಾರು, ಎಲ್ಲದರ ಫೋಟೋ ಆಯಿತು. ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಅವಳು ಹೋಗಿ ಫೋಟೋ ಕ್ಲಬ್ ಸೇರಿದಳು.

ಈ ಕ್ಲಬ್ಬಿನವರ ರೀತಿಯೇ ಬೇರೆ. ಲಂಡನ್ನಿನಲ್ಲಿ ಒಂದು ದಿನ ಬಿಸಿಲು ಬಿದ್ದರೆ ಊರಿಗೆ ಊರೇ ಅರ್ಧ ಬಟ್ಟೆಯಲ್ಲಿ ಪಾರ್ಕಿನ ಹುಲ್ಲಿನ ಮೇಲೆ ಮಲಗಿರುತ್ತದೆ; ಇವರು ಮಾತ್ರ ಬೆಳಕು ಕೆಟ್ಟುಹೋಯಿತೆಂದು ಮುಖ ಸಣ್ಣ ಮಾಡಿಕೊಂಡು ಮನೆಯಲ್ಲಿ ಕೂರುತ್ತಾರೆ. ಬಿರುಗಾಳಿಯ ಮುನ್ಸೂಚನೆ ಬಂತೋ, ಮದುವೆಗೆ ಹೊರಟವರ ಹಾಗೆ ಸಿದ್ಧರಾಗುತ್ತಾರೆ. ಬೀದಿಯವರೆಲ್ಲ ಕಿಟಕಿ ಮುಚ್ಚುವಾಗ ನಮ್ಮ ಮನೆಯಲ್ಲಿ ಬ್ಯಾಟರಿ ಚಾರ್ಜಿಗೆ ಇಡಲಾಗುತ್ತಿತ್ತು. ರಿಚ್ಮಂಡ್ ಪಾರ್ಕಿನ ಮಳೆಯಲ್ಲಿ ನಾನು ಕೊಡೆ ಹಿಡಿದು ನಿಂತಿದ್ದೇನೆ. ಕೊಡೆ ಕ್ಯಾಮೆರಾದ ಮೇಲಿತ್ತು. ನನ್ನ ಮೇಲೆ ಮಳೆ ಇತ್ತು. ಆಮೇಲೆ ಒಂದು ವಾರ ಕೆಮ್ಮಿದೆ. ಜಿಪಿ ಎಂಬ ಸರಕಾರಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಕೆಮ್ಮು ತಾನೇ ಬೇಸತ್ತು ಹೋಯಿತು.

ಇಂಥ ಹೊತ್ತಿನಲ್ಲಿ ಕ್ಲಬ್ಬಿನವರು ವಾರ್ಷಿಕ ಸ್ಪರ್ಧೆಗೆ ‘ಉಗ್ರ ಹವಾಮಾನ’ ಎಂಬ ವಿಷಯ ಕೊಟ್ಟರು. ಎಲ್ಲರೂ ಸಮುದ್ರದ ಅಲೆಗಳ ಹಿಂದೆ ಬೀಳುತ್ತಾರೆ, ತಾನು ಮರಳುಗಾಡಿನ ಹಿಂದೆ ಬೀಳುತ್ತೇನೆ ಎಂದು ಸುನಂದಾ ತೀರ್ಮಾನಿಸಿದಳು. ಮೊರಾಕ್ಕೋ ದೇಶದ ಮರಳುದಿಬ್ಬಗಳನ್ನು, ಅದೂ ಗಾಳಿ ಜೋರಾಗಿರುವ ತಿಂಗಳನ್ನೇ ಹುಡುಕಿ, ಟಿಕೆಟ್ ಬುಕ್ ಮಾಡಿದಳು.

"ಡ್ಯಾಡ್, ಪೀಪಲ್ ಗೋ ದೇರ್ ಟು ರಿಲ್ಯಾಕ್ಸ್, ಯು ನೋ," ಎಂದು ಫೋನಿನಲ್ಲಿ ಮಗಳು ನಕ್ಕಳು.

"ಅದನ್ನ ನಿಮ್ಮವ್ವಗ ಹೇಳ," ಎಂದೆ.

"ನೋ ವೇ," ಎಂದಳು. ಬುದ್ಧಿವಂತ ಹುಡುಗಿ.

ಮರಳುಗಾಡಿನ ಅಂಚಿನ ಡೇರೆಗಳಲ್ಲಿ ನಮ್ಮ ವಾಸ. ಮೊದಲ ದಿನ ಗಾಳಿಯಿಲ್ಲ. ಮರುದಿನವೂ ಇಲ್ಲ. ಆಕಾಶ ಇಸ್ತ್ರಿ ಮಾಡಿದಂತೆ ನೀಲಿಯಾಗಿತ್ತು. ಉಳಿದ ಪ್ರವಾಸಿಗರು ಒಂಟೆ ಹತ್ತಿದರು, ಪುದೀನಾ ಚಹಾ ಕುಡಿದರು, ಖುಷಿಯಾಗಿದ್ದರು. ಸುನಂದಾ ಡೇರೆಯ ಬಾಗಿಲಲ್ಲಿ ಕೂತು, ಸಾಮಾನು ಕಳೆದುಕೊಂಡವರ ದನಿಯಲ್ಲಿ, "ಒಂದ ಮೋಡ ಇಲ್ಲ ನೋಡ್ರಿ," ಎಂದಳು. ನಾನು ಮುಖದ ಮೇಲೆ ದುಃಖ ತಂದುಕೊಂಡು ಇನ್ನೊಂದು ಲೋಟ ಚಹಾ ತರಿಸಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಡೇರೆಗಳನ್ನು ನೋಡಿಕೊಳ್ಳುತ್ತಿದ್ದ ಯೂಸುಫ್ ಎಂಬಾತ ಹಗ್ಗಗಳನ್ನು ಬಿಗಿಯುತ್ತ, ಮೊದಲ ದಿಬ್ಬ ದಾಟಿ ಹೋಗಬೇಡಿ, ಡೇರೆಗಳು ಕಾಣುವ ಹಾಗೇ ಇರಿ ಎಂದು ಎರಡು ಸಲ ಹೇಳಿದ. ಸುನಂದಾ ಆಗಲೇ, ದಾರಿಯಲ್ಲಿ ತಂಗಿದ್ದ ಹೋಟೆಲಿನಿಂದ ತಂದಿದ್ದ ಸ್ನಾನದ ಟೋಪಿಯನ್ನು ಕ್ಯಾಮೆರಾಕ್ಕೆ ತೊಡಿಸಿ, ರಬ್ಬರ್ ಬ್ಯಾಂಡು ಬಿಗಿದು ನಿಂತಿದ್ದಳು. ಅವಳ ಮುಖದಲ್ಲಿ ನಮ್ಮ ಮದುವೆಯ ದಿನ ಕಾಣದಿದ್ದ ಕಳೆಯಿತ್ತು.

ನೋಟ ಮಾತ್ರ ಅದ್ಭುತವಾಗಿತ್ತು, ಸುಳ್ಳೇಕೆ ಹೇಳಲಿ. ದಿಬ್ಬಗಳ ನೆತ್ತಿಯಿಂದ ಮರಳು ಜರಡಿ ಹಿಡಿದ ಹಿಟ್ಟಿನ ಹಾಗೆ ಹಾರುತ್ತಿತ್ತು. ಇಳಿಜಾರು ಒಂದು ಕಡೆ ಬಂಗಾರ, ಇನ್ನೊಂದು ಕಡೆ ಕಪ್ಪು. ಸುನಂದಾ ಮುಕ್ಕಾಲಿಯ ಸ್ಟ್ಯಾಂಡು ಊರಿ, ಕಣ್ಣು ಕಿರಿದು ಮಾಡಿ ನೋಡಿ, "ಎಲ್ಲಾ ಛಲೋ ಅದ, ಆದ್ರ ದಿಬ್ಬ ಎಷ್ಟು ದೊಡ್ಡದು ಅನ್ನೂದು ತಿಳೀವಲ್ತು. ಒಂದು ಅಳತಿ ಬೇಕು. ನೀವು ಅದರ ನೆತ್ತಿ ಮ್ಯಾಲೆ ಹೋಗಿ ನಿಂದರ್ರಿ," ಎಂದಳು.

"ಇಂಥಾ ಗಾಳ್ಯಾಗ?"

"ಗಾಳಿ ಸಲುವಾಗಿನ ಬಂದೀವಲ್ರೀ!"

ಹತ್ತಿದೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. ಕಿವಿ, ಮೂಗು, ಜೇಬು, ಕಾಲುಚೀಲ, ಎಲ್ಲೆಡೆ ಮರಳು ಸೇರಿತು. ನೆತ್ತಿಯ ಮೇಲೆ ನಿಂತು ಹಿಂದಿರುಗಿ ನೋಡಿದರೆ ಸುನಂದಾ ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದಳು. ಏನೋ ಕೂಗುತ್ತಿದ್ದಳು, ಕೇಳಿಸಲಿಲ್ಲ. ಎಡಕ್ಕೋ ಬಲಕ್ಕೋ ಎಂದು ಎರಡೂ ಕೈ ಎತ್ತಿ ಕೇಳಿದೆ. ಅವಳು ಅಂಗೈ ಕೆಳಗೆ ಮಾಡಿ ಜೋರಾಗಿ ಬೀಸಿದಳು.

ನೋಡಿ, ಧಾರವಾಡದಲ್ಲಾಗಲಿ ವಿಜಯಪುರದಲ್ಲಾಗಲಿ ಅಂಗೈ ಕೆಳಗೆ ಮಾಡಿ ಬೀಸಿದರೆ ‘ಬಾ’ ಎಂದು ಅರ್ಥ. ಇಂಗ್ಲಿಷರಿಗೆ ಅದೇ ‘ಅತ್ತ ಹೋಗು’. ಆಫೀಸಿನಲ್ಲಿ ಹೊಸದಾಗಿ ಸೇರಿದ್ದಾಗ ನಾನು ಹೀಗೆ ಕರೆದವರೆಲ್ಲ ದೂರ ಹೋಗುತ್ತಿದ್ದರು. ಕಷ್ಟಪಟ್ಟು ಅಭ್ಯಾಸ ತಿದ್ದಿಕೊಂಡೆ. ಇಪ್ಪತ್ತು ವರ್ಷ ಲಂಡನ್ನಿನಲ್ಲಿದ್ದರೂ ಇಂಗ್ಲಿಷನಾಗಲಿಲ್ಲ ಎಂದು ಕೊರಗುತ್ತಿದ್ದ ನಾನು ಸಹಾರಾದ ದಿಬ್ಬದ ಮೇಲೆ, ಸರಿಯಾಗಿ ಆ ಗಳಿಗೆಯಲ್ಲಿ, ಇಂಗ್ಲಿಷನಾಗಿಬಿಟ್ಟೆ. ಅತ್ತ ಹೋದೆ. ಅವಳು ಇನ್ನೂ ಜೋರಾಗಿ ಬೀಸಿದಳು; ನಾನು ಇನ್ನೂ ಬೇಗ ಹೋಗಿ ದಿಬ್ಬದ ಆ ಮಗ್ಗುಲಿಗೆ ಇಳಿದೆ.

ಆಗ ಎದುರಿಗೆ ಬರುತ್ತಿದ್ದುದು ಕಾಣಿಸಿತು. ಕಂದು ಬಣ್ಣದ ಗೋಡೆ, ನೆಲದಿಂದ ಆಕಾಶದವರೆಗೆ. ಅವಳು ಕೈ ಬೀಸಿದ್ದು ಅದನ್ನು ಕಂಡೇ. ತಿರುಗಿ ಓಡೋಣವೆನ್ನುವಷ್ಟರಲ್ಲಿ ದಿಕ್ಕುಗಳೇ ಇಲ್ಲವಾದವು. ನನ್ನ ಕೈ ನನಗೆ ಕಾಣಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ಜಾಕೆಟ್ಟನ್ನು ತಲೆಯ ಮೇಲೆ ಎಳೆದುಕೊಂಡೆ. ಉಸಿರೆಳೆದರೆ ಮರಳು. ಇಂಥ ಹೊತ್ತಿನಲ್ಲಿ ದೊಡ್ಡ ವಿಚಾರಗಳು ಬರುತ್ತವೆ ಎನ್ನುತ್ತಾರೆ. ನನಗೆ ಬಂದದ್ದು ಇದೊಂದೇ: ಅವಳು ಎಲ್ಲಿದ್ದಾಳೆ? ಜಾಕೆಟ್ಟಿನೊಳಗಿಂದಲೇ "ಸುನಂದಾ!" ಎಂದು ಕೂಗಿದೆ. ಮನೆಯಲ್ಲಿ ನಾನು ಅವಳ ಹೆಸರು ಹಿಡಿದು ಕರೆಯುವುದೇ ಅಪರೂಪ. ‘ಏ, ಇಲ್ಲಿ ಬಾ’ ಎನ್ನುವುದರಲ್ಲೇ ಮುಗಿಯುತ್ತದೆ. ಗಂಟಲು ಕಟ್ಟುವವರೆಗೆ ಕೂಗಿದೆ. ಉತ್ತರವಿಲ್ಲ. ನಿಜವಾಗಿ ಹೆದರಿದೆ.

ಎಷ್ಟು ಹೊತ್ತಾಯಿತೋ, ಏನೋ ಬಂದು ಬೆನ್ನಿಗೆ ಡಿಕ್ಕಿ ಹೊಡೆಯಿತು. ಒಂಟೆ ಎಂದುಕೊಂಡೆ. ಸುನಂದಾ! ನಾಲ್ಕು ಕಾಲ ಮೇಲೆ ದಿಬ್ಬ ಹತ್ತಿ, ನನ್ನ ಕೂಗಿನ ಜಾಡು ಹಿಡಿದು ಬಂದಿದ್ದಳು. ಜಾಕೆಟ್ಟಿನೊಳಗೆ ಎಳೆದುಕೊಂಡೆ.

"ಬರ್ರಿ ಬರ್ರಿ ಅಂತ ಕೈ ಮಾಡಿದ್ರ ಅಕಡೆನ ಹೊಂಟ್ರಲ್ರೀ! ತಲಿ ಗಿಲಿ ಅದನೋ ಇಲ್ಲೋ?" ಎಂದು ಬೈಯುತ್ತ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕ್ಯಾಮೆರಾ ಎಲ್ಲಿ?"

"ಬೆಂಕಿ ಹಚ್ಚ್ರಿ ಕ್ಯಾಮೆರಾಕ್ಕ!"

ಆ ಮಾತು ಕೇಳಿ ನನಗಾದ ಸಂತೋಷವನ್ನು ಬರೆದು ತೋರಿಸಲಾರೆ. ಬಾಯಿ ತುಂಬ ಮರಳಿದ್ದರಿಂದ ಆಗ ಹೇಳಿ ತೋರಿಸಲೂ ಆಗಲಿಲ್ಲ.

ಗಾಳಿ ತಗ್ಗಿದ ಮೇಲೆ ಯೂಸುಫ್ ನಮ್ಮನ್ನು ಹುಡುಕಿಕೊಂಡು ಬಂದ. ಡೇರೆಗಳು ಕೂಗಳತೆಯಲ್ಲೇ ಇದ್ದವು, ನಾಚಿಕೆಯಾಯಿತು. ಅವನು ಅರ್ಧ ಹೂತಿದ್ದ ಕ್ಯಾಮೆರಾವನ್ನು ಎತ್ತಿ ಕೊಟ್ಟ. ಲೆನ್ಸು ತಿರುಗಿಸಿದರೆ, ಮಿಕ್ಸಿಯಲ್ಲಿ ಕಲ್ಲು ಸಿಕ್ಕಿಕೊಂಡ ಸದ್ದು. ಆದರೆ ಒಳಗಿನ ಕಾರ್ಡು ಉಳಿದಿತ್ತು.

ಲಂಡನ್ನಿಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ, ಬಿರುಗಾಳಿಗೆ ಮುಂಚಿನ ಕೊನೆಯ ಫೋಟೋ ಇತ್ತು. ಹೊಗೆಯಾಡುವ ದಿಬ್ಬ, ಹಿಂದೆ ಕಂದು ಗೋಡೆ, ನೆತ್ತಿಯ ಮೇಲೆ ಎರಡೂ ಕೈ ಎತ್ತಿ ನಿಂತ ಒಂದು ಚುಕ್ಕೆ. ಎಡಕ್ಕೋ ಬಲಕ್ಕೋ ಎಂದು ಕೇಳುತ್ತಿದ್ದ ನಾನು. ಅದಕ್ಕೆ ಮೊದಲ ಬಹುಮಾನ ಬಂತು. ಪ್ರಕೃತಿಯ ಮುಂದೆ ಶರಣಾದ ಮನುಷ್ಯನ ಮಹಾಮೌನ ಇಲ್ಲಿದೆ ಎಂದು ತೀರ್ಪುಗಾರರು ಬಹಳ ಹೊತ್ತು ಮಾತನಾಡಿದರು. ಸಭೆಯ ನಂತರ ವಯಸ್ಸಾದ ಇಂಗ್ಲಿಷ್ ಹೆಂಗಸೊಬ್ಬರು, "ಆ ವ್ಯಕ್ತಿ ಯಾರು, ಅಲೆಮಾರಿಯೇ?" ಎಂದು ಸುನಂದಾಳನ್ನು ಕೇಳಿದರು. "ಮೈ ಹಸ್ಬೆಂಡ್," ಎಂದು ಅವಳು ನನ್ನತ್ತ ಕೈ ತೋರಿಸಿದಳು. ಎರಡು ಕೋಟು, ಒಂದು ಬ್ಯಾಗು, ಸಮೋಸದ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ಆಕೆ ಮೇಲಿನಿಂದ ಕೆಳಗಿನವರೆಗೆ ನೋಡಿ, "ಓ," ಎಂದರು. ಮಹಾಮೌನವೆಂದರೆ ಅದು.

ಈಗ ಆ ಚಿತ್ರ ನನ್ನ ಆಫೀಸಿನ ಹತ್ತಿರದ ಲೈಬ್ರರಿಯ ಗೋಡೆಯ ಮೇಲಿದೆ. ಊಟದ ಬಿಡುವಿನಲ್ಲಿ ನಾನು ಅಲ್ಲಿಗೆ ಹೋಗಿ, ಪುಸ್ತಕ ಹುಡುಕುವವನ ಹಾಗೆ ನಟಿಸುತ್ತ, ನನ್ನನ್ನು ನೋಡುವವರನ್ನು ನೋಡುತ್ತೇನೆ. ಮೊನ್ನೆ ಒಬ್ಬ ಗೃಹಸ್ಥ ತನ್ನ ಹೆಂಡತಿಯೊಡನೆ ಬಂದು ಬಹಳ ಹೊತ್ತು ನೋಡಿದ. ನನ್ನ ಎದೆ ಉಬ್ಬಿತು. ಕೊನೆಗೆ ಅವನು, "ಚಿತ್ರವೇನೋ ಚೆನ್ನಾಗಿದೆ. ಆ ಮನುಷ್ಯ ಅಡ್ಡ ಬರದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು," ಎಂದ.

ಮನೆಗೆ ಬಂದು ಸುನಂದಾಳಿಗೆ ಹೇಳಿದೆ. ಸಿಟ್ಟಾಗುತ್ತಾಳೆ, ನನ್ನ ಪರವಾಗಿ ಒಂದೆರಡು ಮಾತಾಡುತ್ತಾಳೆ ಎಂಬ ಆಸೆ. ಅವಳು ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದಳು.

"ಅಡ್ಡ ಏನಿಲ್ಲ ಬಿಡ್ರಿ. ಆದ್ರ ಒಂದೀಟು ಎಡಕ್ಕ ನಿಂತಿದ್ರ ಛಲೋ ಇರ್ತಿತ್ತು."

ಮರುದಿನ ಮಧ್ಯಾಹ್ನ ಊಟ ಬಿಟ್ಟು ಲೈಬ್ರರಿಗೆ ಹೋದೆ. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಅವಳು ಹೇಳಿದ್ದು ಸರಿ. ಎಡಕ್ಕೇ ನಿಲ್ಲಬೇಕಾಗಿತ್ತು.