ಅಗಲಿದ ಮಾವ, ಅಗಲವಾದ ಚಕ್ರ

ನನ್ನ ಮಾವನವರು ನನಗೆ ಮಗಳನ್ನು ಕೊಟ್ಟರು, ಲೈಸೆನ್ಸ್ ಮಾತ್ರ ಕೊಡಲಿಲ್ಲ. ನನ್ನ ಬಾಳಿನ ಮೂಲ ದುಃಖ ಇದು. ಉಳಿದವೆಲ್ಲ ಇದರ ಮರಿಗಳು. ಅವರು ಡ್ರೈವಿಂಗ್ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದರು. ಎಡಗಡೆ ಸೀಟನ್ನು ಪೂರ್ತಿ ತುಂಬಿಕೊಂಡು ಕೂತು, ನಾನು ತಪ್ಪು ಮಾಡಿದಾಗಲೆಲ್ಲ (ಅಂದರೆ ದಾರಿಯುದ್ದಕ್ಕೂ) ಗಂಟಲಿನಾಳದಿಂದ "ಹ್ಞೂಂ..." ಅನ್ನುತ್ತಿದ್ದರು. ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಕೊನೆಗೆ ಬೇರೆ ಊರಿನ ಕಚೇರಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದು ಅವರ ಮುಂದೆ ಹಿಡಿದೆ. ಆಗಲೂ ಅವರು ಅಂದದ್ದು ಅಷ್ಟೇ, "ಹ್ಞೂಂ."

ಈ ವರ್ಷ ಅವರು ತೀರಿಕೊಂಡರು. ಅವರ ಪುಟ್ಟ ಹ್ಯಾಚ್‌ಬ್ಯಾಕ್ ಕಾರು ಮಗಳ ಪಾಲಿಗೆ, ಅಂದರೆ ನನ್ನ ಹೆಂಡತಿಯ ಪಾಲಿಗೆ ಬಂತು. ಆ ಸ್ಟೇರಿಂಗ್ ಹಿಂದೆ ಯಾರ ಹ್ಞೂಂಕಾರವೂ ಇಲ್ಲದೆ ಒಮ್ಮೆ ಗಂಡಸಾಗಿ ಕೂರಬೇಕೆಂಬುದು ನನ್ನ ಜನ್ಮದ ಆಸೆ. ಹೆಂಡತಿ ಕೀ ಕೊಟ್ಟಳು, ಷರತ್ತನ್ನೂ ಕೊಟ್ಟಳು.

"ಅಪ್ಪನ ಗಾಡಿ ಇದು. ನೆಟ್ಟಗೆ ಓಡಿಸಿದ್ರೆ ಓಡಿಸಿ. ಒಂದೇ ಒಂದು ಸಲ ಅಂಕುಡೊಂಕಾದ್ರೂ ಕೀ ನನ್ನ ಕೈಗೆ. ಆಮೇಲೆ ಜನ್ಮದಲ್ಲಿ ಕೇಳ್ಬಾರದು."

ಅಷ್ಟು ಸಾಕಲ್ಲ ನನಗೆ, ತಲೆ ಓಡಿಸಲು! ಈ ಕಾರಿನಲ್ಲಿ ಎಂಜಿನ್ನಿನ ಬಲವೆಲ್ಲ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಗಾಡಿ ಎಳೆಯಬೇಕಾದವೂ ಅವೇ, ಹೇಳಿದ ಕಡೆ ತಿರುಗಬೇಕಾದವೂ ಅವೇ. (ಸಂಸಾರಸ್ಥ ಗಂಡಸರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.) ಪಾಪ, ಆ ಚಕ್ರಗಳನ್ನು ಅಗಲ ಮಾಡಿಸಿದರೆ ರಸ್ತೆಯ ಮೇಲೆ ಹಿಡಿತ ಹೆಚ್ಚುತ್ತದಲ್ಲವೇ? ಮನೆಯಲ್ಲಂತೂ ನನ್ನ ಹಿಡಿತ ಇಲ್ಲ, ರಸ್ತೆಯಲ್ಲಾದರೂ ಇರಲಿ ಎಂದು ಟೈರ್ ಅಂಗಡಿಗೆ ಫೋನ್ ಮಾಡಿದೆ.

ಅಂಗಡಿಯವನ ಹಿಂದೆ ಯಂತ್ರ ಗರ್ ಎನ್ನುತ್ತಿತ್ತು. "ಆರಿಂಚಿನ ರಿಮ್ ಸಾಕು ಸಾರ್! ಇನ್ನೂ ಅಗಲ ಆದ್ರೆ ಸ್ಟೇರಿಂಗ್ ಜಗ್ಗುತ್ತೆ, ತಿರುಗಿಸಿದಾಗ ಟೈರ್ ಒಳಗಡೆ ಉಜ್ಜುತ್ತೆ. ಗಾಡಿ ಯಾರ್ದು?"

"ನಮ್ಮ ಮಾವನವರದು." ಸತ್ತರು ಅನ್ನುವುದು ಒರಟಾಗುತ್ತದೆಂದು ಪತ್ರಿಕೆಯ ಭಾಷೆಗೆ ಏರಿದೆ. "ಮಾವ ಅಗಲಿದ್ದಾರೆ."

ಆ ಕಡೆ ಯಂತ್ರ ಆಫ್ ಮಾಡಿದ ಸದ್ದಾಯಿತು. ಸಂತಾಪವಿರಬೇಕು ಎಂದುಕೊಂಡೆ.

"ತುಂಬಾನಾ ಸಾರ್?"

"ತುಂಬಾ ಅಂದ್ರೆ... ಪೂರ್ತೀನೇ."

"ಅಯ್ಯಯ್ಯೋ! ಗಾಡಿಯಲ್ಲಿ ಎಲ್ಲಿ ಕೂರೋದು ಅವ್ರು?"

"ಯಾವಾಗ್ಲೂ ಮುಂದೇನೇ. ಎಡಗಡೆ."

"ಹಾಗಾದ್ರೆ ಎಂಟಿಂಚೇ ಹಾಕೋಣ. ಅವ್ರಿಗೆ ತಕ್ಕ ಹಾಗೆ ನಾನೇ ಎಲ್ಲಾ ಸರಿ ಮಾಡ್ತೀನಿ, ನೀವು ಚಿಂತೆ ಬಿಡಿ."

ಎಂಥ ಸಂಸ್ಕಾರವಂತ ಎಂದುಕೊಂಡು ಗಾಡಿ ಬಿಟ್ಟು ಬಂದೆ.

ಭಾನುವಾರ ಮಧ್ಯಾಹ್ನ ಹೊಸ ಚಕ್ರದ ಮೇಲೆ ಮೊದಲ ಸವಾರಿ. ಹೆಂಡತಿ ಚಕ್ರಗಳನ್ನು ನೋಡಿ, "ಆನೆಕಾಲು ಬಂದ ಹಾಗಿದೆ" ಅಂದಳು. ಅಪ್ಪನ ಸೀಟಿನಲ್ಲಿ ತಾನು ಕೂರುವುದಿಲ್ಲ ಎಂದು ಹಿಂದೆ ಕೂತಳು. ಕಾರ್ಖಾನೆಯ ಹಿಂದಿನ ಉದ್ದ ರಸ್ತೆಗೆ ಬಂದೆವು. ಒಂದು ನರಪಿಳ್ಳೆಯೂ ಇರಲಿಲ್ಲ. ಮೋಡ ಕವಿದು ಬೆಳಕು ಬೂದಿಯಾಗಿತ್ತು, ಮರಗಳಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಆಕ್ಸಿಲರೇಟರ್ ಒತ್ತಿದೆ ನೋಡಿ, ಸ್ಟೇರಿಂಗ್ ನನ್ನ ಕೈಯೊಳಗೇ ಮೆಲ್ಲಗೆ ಬಲಕ್ಕೆ ತಿರುಗಿತು. ಎಳೆದು ನೆಟ್ಟಗೆ ಮಾಡಿದೆ. ಮತ್ತೆ ತಿರುಗಿತು. ಪಕ್ಕದಲ್ಲಿ ಕೂತವರು ಕೈ ಚಾಚಿ ಹಿಡಿದು ಒತ್ತಿದರೆ ಹೇಗೋ, ಥೇಟ್ ಹಾಗೆ. ತಿರುವಿನಲ್ಲಿ ಎಡಕ್ಕೆ ಜೋರಾಗಿ ತಿರುಗಿಸಿದೆ. ಆಗ ಕೇಳಿಸಿತು, ಎಡಗಡೆಯಿಂದ, ಗಂಟಲಿನಾಳದಿಂದ.

"ಹ್ಞೂಂ..."

"ರೀ," ಹೆಂಡತಿಯ ದನಿ ಇಳಿದಿತ್ತು. "ಕೇಳಿಸ್ತಾ?"

"ಏ... ಏನು?"

"ಅಪ್ಪ."

ಕನ್ನಡಿಯಲ್ಲಿ ನೋಡಿದೆ. ಅವಳು ಖಾಲಿ ಸೀಟಿನತ್ತ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಅಪ್ಪ ಹೋದ ಮೇಲೆ ಅವಳು ಒಂದು ಸಲವೂ ಮನಸ್ಸು ಬಿಚ್ಚಿ ಅತ್ತಿರಲಿಲ್ಲ. ನಾನೋ, ಬಲಗಡೆ ಬಾಗಿಲಿಗೆ ಆದಷ್ಟು ಅಂಟಿಕೊಂಡು ಕೂತೆ.

"ಅವರಿಗೆ ಸಿಟ್ಟು ಬರೋ ಹಾಗೆ ಏನ್ರೀ ಮಾಡಿದ್ರಿ?"

"ಚಕ್ರ ಅಗಲ ಮಾಡಿಸ್ದೆ ಕಣೇ, ಅಷ್ಟೇ! ಆಣೆಗೂ!"

ಎಡಕ್ಕೆ ತಿರುಗಿಸಿದಾಗಲೆಲ್ಲ ಹ್ಞೂಂ, ನೆಟ್ಟಗೆ ಹೋದರೆ ಜಗ್ಗಾಟ. ಹಾಗೂ ಹೀಗೂ ಹೊಯ್ದಾಡಿಸಿಕೊಂಡು ಟೈರ್ ಅಂಗಡಿ ಸೇರಿದೆ. ಅಂಗಡಿಯವನು ಬಗ್ಗಿ, ಎಡಗಡೆ ಕಿಟಕಿಯಿಂದ ಒಳಗೆ ಇಣುಕಿದ.

"ಎಲ್ಲಿ ಸಾರ್, ಯಜಮಾನ್ರು ಬರ್ಲಿಲ್ವಾ?"

"ಯ... ಯಾರು?"

"ನಿಮ್ಮ ಮಾವ! ಅಷ್ಟೊಂದು ಅಗಲ ಇದ್ದಾರೆ ಅಂದ್ರಲ್ಲ. ಆ ಸೀಟಿನ ಮೇಲೆ ಮರಳು ಮೂಟೆ ಹೇರಿ, ಅವ್ರ ಭಾರಕ್ಕೆ ಸರಿಯಾಗಿ ಚಕ್ರಗಳ ಅಲೈನ್‌ಮೆಂಟ್ ಮಾಡಿದೀನಿ. ಅವ್ರು ಕೂತ್ರೆ ಗಾಡಿ ಗೆರೆ ಎಳೆದ ಹಾಗೆ ಹೋಗುತ್ತೆ. ಕೂರದೇ ಇದ್ರೆ ಬಲಕ್ಕೆ ಜಗ್ಗುತ್ತೆ, ಮತ್ತೆ ನನ್ನ ಬೈಬೇಡಿ. ಈಗ ಒಳಗೆ ತಿರುಗಿಸ್ಕೊಂಡು ಬರುವಾಗ ಬಂತಲ್ಲ, ಆ ಸದ್ದು ಟೈರ್ ಉಜ್ಜೋದು, ಮೊದ್ಲೇ ಹೇಳಿದ್ದೆ."

ನನಗೆ ಹೋದ ಜೀವ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. "ಕೇಳಿದ್ಯೇನೇ! ಮಾವ ಅಗಲಿದ್ದಾರೆ, ಮಾವ ಅಗಲ ಇದ್ದಾರೆ! ಇದು ದೆವ್ವದ ಕಾಟ ಅಲ್ಲ ಕಣೇ, ಸಂಧಿಯ ಕಾಟ!"

ಅವಳು ನಗಲಿಲ್ಲ. ಕೈ ಚಾಚಿದಳು. "ಅಂಕುಡೊಂಕಾಯ್ತು ತಾನೇ? ಕೀ ಕೊಡಿ."

"ಹಳೇ ಚಕ್ರ ಹಾಕಿಸಿಬಿಡ್ತೀನಿ ಕಣೇ, ಇನ್ನೊಂದೇ ಒಂದು ಅವಕಾಶ..."

"ಮೊದ್ಲು ನಾನು ಒಂದು ಸುತ್ತು ಹೋಗಿ ನೋಡ್ಬೇಕು. ಹೀಗೇ."

ಸರಿ, ಬಲಕ್ಕೆ ಜಗ್ಗುವಾಗ ಗೊತ್ತಾಗಲಿ ಎಂದು ಒಳಗೊಳಗೇ ಖುಷಿಪಟ್ಟೆ. ಎಡಗಡೆ ಬಾಗಿಲಿಗೆ ಕೈ ಹಾಕಿದರೆ, "ಅಲ್ಲಲ್ಲ, ಹಿಂದೆ" ಅಂದಳು. ಹಿಂದೆ ಕೂತೆ.

ಅದೇ ಉದ್ದ ರಸ್ತೆ. ಅವಳು ವೇಗ ಹೆಚ್ಚಿಸಿದಳು. ನಾನು ಕಾದೆ. ಗಾಡಿ ನೆಟ್ಟಗೆ ಹೋಯಿತು. ಇನ್ನೂ ಒತ್ತಿದಳು, ಇನ್ನೂ ನೆಟ್ಟಗೆ. ಅವಳು ಎರಡೂ ಕೈಗಳನ್ನು ಸ್ಟೇರಿಂಗ್‌ನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಿಳಿ ಪಟ್ಟಿಯ ಪಕ್ಕದಲ್ಲೇ, ಗೆರೆ ಎಳೆದ ಹಾಗೆ, ಗಾಡಿ ಹೋಗುತ್ತಲೇ ಇತ್ತು.

"ಅವ್ರು ಕೂತ್ರೆ" ಎಂದ ಅಂಗಡಿಯವನ ಮಾತು ನೆನಪಾಯಿತು. ಬೇಡ ಬೇಡ ಅನ್ನುತ್ತಲೇ ಮುಂದಕ್ಕೆ ಬಗ್ಗಿ ಎಡಗಡೆ ಸೀಟನ್ನು ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಮೆತ್ತೆ ಮಾತ್ರ ತಳದ ತನಕ ಕುಗ್ಗಿತ್ತು. ಸ್ಪ್ರಿಂಗು ಕಿರ್ ಅಂದಿತು, ಕೂತವರು ಸರಿದು ಕೂತ ಹಾಗೆ.

ಹೆಂಡತಿಯ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಗೆಲುವಿತ್ತು. ಆ ಸೀಟಿನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವಷ್ಟು ಸಹಜವಾಗಿ ಕೇಳಿದಳು:

"ಅಪ್ಪಾ, ಇವರನ್ನ ಇಲ್ಲೇ ಇಳಿಸ್ಬಿಡ್ಲಾ?"

ರಸ್ತೆ ನೆಟ್ಟಗಿತ್ತು. ಸ್ಟೇರಿಂಗ್ ಕೂದಲೆಳೆಯಷ್ಟೂ ಕದಲಿರಲಿಲ್ಲ, ಟೈರ್ ಉಜ್ಜುವ ಮಾತೇ ಇಲ್ಲ.

"ಹ್ಞೂಂ."

ನಾನು ಬಾಗಿಲು ತೆಗೆದು ಇಳಿದೇಬಿಟ್ಟೆ. ಗಾಡಿ ಇನ್ನೂ ನಿಂತಿರಲಿಲ್ಲ ಅನ್ನುವುದು ಇಳಿದ ಮೇಲೆ ಗೊತ್ತಾಯಿತು.